ಹಳಿ ಮುಂದ, ಗಾಡಿ ಹಿಂದ: ಕುಡಚಿ ರೈಲು ಎಲ್ಲಿಗೆ ಬಂತು?

ಬಾಗಲಕೋಟೆ ಬಸ್‌ಸ್ಟ್ಯಾಂಡಿನ ಹತ್ತಿರ ಯಾವ ಚಾದ ಅಂಗಡಿಯಲ್ಲಿ ಕುಂತರೂ ದಿನಕ್ಕೊಮ್ಮೆ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. “ಕುಡಚಿ ರೈಲು ಎಲ್ಲಿಗೆ ಬಂತ್ರೀ?” ಉತ್ತರವೂ ತಯಾರು. “ಬರತೈತಿ ತೊಗೋರಿ, ನಮ್ಮ ಮೊಮ್ಮಕ್ಕಳು ಹತ್ತತಾರ.” ಕುಂತವರೆಲ್ಲ ನಗುತ್ತಾರೆ. ಅಷ್ಟರಲ್ಲಿ ಜಮಖಂಡಿ ಬಸ್ಸು ಬರುತ್ತದೆ. ಕಪ್ಪು-ಬಸಿ ಅಲ್ಲೇ ಇಟ್ಟು, ಕಿಟಕಿಯಿಂದ ಟಾವೆಲ್ ಒಗೆದು ಸೀಟು ಹಿಡಿಯಲು ಓಡುತ್ತಾರೆ.

ನಗುವುದು ಸಾಕು. ಲೆಕ್ಕ ನೋಡೋಣ.

ಬಾಗಲಕೋಟೆ-ಕುಡಚಿ ಹೊಸ ರೈಲು ಮಾರ್ಗಕ್ಕೆ ಮಂಜೂರಿ ಸಿಕ್ಕಿದ್ದು 2010-11ರ ರೇಲ್ವೆ ಬಜೆಟ್ಟಿನಲ್ಲಿ. ಉದ್ದ 142 ಕಿಲೋಮೀಟರು. ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳ ಭಾಗ ಹಾದು ರಾಯಬಾಗ ತಾಲೂಕಿನ ಕುಡಚಿಯಲ್ಲಿ ಬೆಳಗಾವಿ-ಮೀರಜ ಮಾರ್ಗಕ್ಕೆ ಕೂಡಬೇಕು. ಮಂಜೂರಿಯ ವರ್ಷ ಹುಟ್ಟಿದ ಕೂಸು ಈಗ ಎಸ್ಸೆಸ್ಸೆಲ್ಸಿ ವಯಸ್ಸಿಗೆ ಬಂದಿದೆ. ಮಾರ್ಗದಲ್ಲಿ ಮೊದಲು ಮುಗಿದದ್ದು ಬಾಗಲಕೋಟೆಯಿಂದ ಖಜ್ಜಿಡೋಣಿಯ ತನಕ, ಸುಮಾರು 30 ಕಿಲೋಮೀಟರು. ಅಂದರೆ ಐದರಲ್ಲಿ ಒಂದು ಪಾಲು. ಆಮೇಲಿನ ಕೆಲಸ ಲೋಕಾಪುರದ ಕಡೆ ಹೊರಟಿತು.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವ. ಎಂಜಿನಿಯರರ ಲೆಕ್ಕ ನನಗೆ ತಿಳಿಯದು. ಆದರೆ ಅಂಗಡಿಕಾರರ ಲೆಕ್ಕ ತಿಳಿಯುತ್ತದೆ. ಗಾಳೆ ಕಟ್ಟಿಸಿ, ರ್‍ಯಾಕು ಹೊಡೆಸಿ, ಲೈಟು ಹಾಕಿಸಿ, ಶೆಟರ್ ಮಾತ್ರ ಎತ್ತಲಿಲ್ಲ ಅಂದರೆ ಆ ಅಂಗಡಿಗೆ ಏನಂತೀರಿ? ಖಜ್ಜಿಡೋಣಿಯ ಹಳಿಯ ಕಥೆ ಅದೇ ಆಯಿತು. ಹಳಿ ಬಂತು, ಸ್ಟೇಶನ್ ಬಂತು, ಬೋರ್ಡು ಬಂತು. ದಿನಾ ಓಡಾಡುವ ಮಂದಿಗೆ ಬೇಕಾದ ಪ್ಯಾಸೆಂಜರ್ ಗಾಡಿ ಮಾತ್ರ ವರ್ಷಗಟ್ಟಲೆ ಬರಲಿಲ್ಲ. “ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು” ಅನ್ನುವ ಗಾದೆ ಇಲ್ಲಿ ಸುಳ್ಳಾಯಿತು.

ತಪ್ಪು ಖಜ್ಜಿಡೋಣಿಯದಲ್ಲ. ಕಲಾದಗಿಯ ಮಗ್ಗುಲಲ್ಲಿರುವ ಸಣ್ಣ ಹಳ್ಳಿ ಅದು. ದಾಳಿಂಬರ, ಚಿಕ್ಕು ಬೆಳೆಯುವ ನೆಲ. ಅಲ್ಲಿ ತಾಲೂಕು ಕಚೇರಿ ಇಲ್ಲ, ಕಾಲೇಜಿಲ್ಲ, ದೊಡ್ಡ ಸಂತೆ ಇಲ್ಲ. ಬಾಗಲಕೋಟೆಯಿಂದ ಅಲ್ಲಿಗೆ ರೈಲು ಬಿಟ್ಟರೆ ಹತ್ತುವವರು ಯಾರು? ರೇಲ್ವೆಯವರು ಹೇಳುವುದು ಇದನ್ನೇ: ಮಂದಿ ಇಲ್ಲ, ಗಾಡಿ ಹ್ಯಾಂಗ ಬಿಡೋದು? ಮಂದಿ ಹೇಳುವುದು: ಗಾಡಿ ಇಲ್ಲ, ಮಂದಿ ಹ್ಯಾಂಗ ಬರೋದು? ಮದುವೆಯಾಗೋ ಗುಂಡಣ್ಣ ಅಂದರೆ ನೀನೇ ನನ್ನ ಹೆಂಡತಿಯಾಗು ಅಂದ ಹಾಗಿದೆ ಇದು.

ಈ ಅಂಕಣದಲ್ಲಿ ಹೇಳಬೇಕಾದ ಮಾತು ಒಂದೇ. ರೈಲಿನ ಕೆಲಸವನ್ನು ಕಿಲೋಮೀಟರಿನಲ್ಲಿ ಅಳೆಯುವುದು ಬಿಡಬೇಕು. “ಎಷ್ಟು ಕಿಲೋಮೀಟರ್ ಆತು” ಅನ್ನುವುದು ಕಂತ್ರಾಟದಾರನಿಗೆ ಬಿಲ್ಲು ಮಾಡಲು ಬೇಕಾದ ಪ್ರಶ್ನೆ. ಬಸ್ಸಿಗೆ ನಿಲ್ಲುವವರು, ಅಂಗಡಿ ಇಟ್ಟವರು ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಊರಿಗೆ ಮುಟ್ಟಿತು, ಗಾಡಿ ಎಂದಿನಿಂದ?

ಹಳೆಯ ಕಾಲದ ಲೆಕ್ಕ

ಬಾಗಲಕೋಟೆಗೆ ಮೊದಲ ಸಲ ರೈಲು ಬಂದದ್ದು 1884ರ ಸುಮಾರಿಗೆ. 1876-78ರ ದೊಡ್ಡ ಬರಗಾಲದಲ್ಲಿ ನಮ್ಮ ಸೀಮೆಯ ಮಂದಿ ಸಾವಿರಗಟ್ಟಲೆ ಸತ್ತರು. ದೂರದ ಊರಲ್ಲಿ ಕಾಳು ಇದ್ದರೂ ಎತ್ತಿನ ಗಾಡಿಯ ಮೇಲೆ ತರಲಾಗಲಿಲ್ಲ. ಆ ಬಳಿಕ ಸದರ್ನ್ ಮರಾಠಾ ರೇಲ್ವೆ ಕಂಪನಿ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ಹಾದು ಗದಗದ ತನಕ ಮೀಟರ್ ಗೇಜ್ ಹಾಕಿತು. ಕೃಷ್ಣೆಗೆ ಸೇತುವೆ ಕಟ್ಟಿ, ಬಾದಾಮಿ ಕಡೆಯ ಗುಡ್ಡದ ಸೆರಗು ಸುತ್ತಿ, ಬರಗಾಲ ಮುಗಿದ ಆರೇಳು ವರ್ಷದೊಳಗೆ ಗಾಡಿ ಓಡಿಸಿದರು.

ಅದೇ ಹೊತ್ತಿಗೆ, 1884-85ರ ಸುಮಾರಿಗೆ, ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ರೈಲೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ರೈಲು ಹೋದ ಊರು ಶಹರವಾಯಿತು, ರೈಲು ಬಿಟ್ಟ ಕಲಾದಗಿ ಹಳ್ಳಿಯಾಗಿ ಉಳಿಯಿತು. ಇದು ಕಣ್ಣೆದುರಿಗಿರುವ ಮಾತು. ಈಗ ನೂರಾ ನಲವತ್ತು ವರ್ಷದ ಮೇಲೆ ಅದೇ ಕಲಾದಗಿಯ ಮಗ್ಗುಲಿಗೆ ಹಳಿ ಬಂದು, ಗಾಡಿ ಇಲ್ಲದೆ ಬಿಸಿಲಿಗೆ ಕಾದದ್ದು ದೈವದ ಆಟವೇ ಸರಿ.

ಇಂಗ್ರೇಜಿಯವರನ್ನು ಹೊಗಳುವುದಕ್ಕೆ ಇದನ್ನು ಬರೆಯಲಿಲ್ಲ. ಅವರು ರೈತನನ್ನು ಕೇಳಲಿಲ್ಲ, ಗೂಟ ಬಡಿದರು, ಹೊಲ ಹೋಯಿತು. ಇಂದು ಹಾಗೆ ಮಾಡುವಂತಿಲ್ಲ, ಮಾಡಲೂಬಾರದು. ತಡಕ್ಕೆ ಮೊದಲ ಕಾರಣ ಇಲ್ಲೇ ಇದೆ.

ಜಮೀನಿನ ಗಂಟು

ಲೋಕಾಪುರದಿಂದ ಈಚೆಗೆ ಕಲ್ಲು, ಮಡ್ಡಿ, ಮಳೆ ನಂಬಿದ ಹೊಲ ಹೆಚ್ಚು. ಆಚೆಗೆ ಮುಧೋಳ, ಜಮಖಂಡಿ ಅಂದರೆ ಘಟಪ್ರಭೆ-ಕೃಷ್ಣೆಯ ನೀರು ಕುಡಿದ ಕಬ್ಬಿನ ನಾಡು. ಅಲ್ಲಿ ಒಂದು ಗುಂಟೆ ಬಿಡು ಅಂದರೂ ರೈತ ಹತ್ತು ಸಲ ವಿಚಾರ ಮಾಡುತ್ತಾನೆ. ರೈಲು ಮಾರ್ಗವೋ ಉದ್ದ ಪಟ್ಟಿಯ ಹಾಗೆ ಹೋಗುತ್ತದೆ. ಹೊಲದ ನಟ್ಟನಡುವೆ ಹಾದರೆ ಈ ಕಡೆ ಎರಡೆಕರೆ, ಆ ಕಡೆ ಎರಡೆಕರೆ. ಪೈಪ್‌ಲೈನು ತುಂಡಾಗುತ್ತದೆ, ಬಾವಿ ಒಂದು ಕಡೆ, ಬೆಳೆ ಒಂದು ಕಡೆ. ಹೋದ ನೆಲಕ್ಕೆ ಪರಿಹಾರ ಸಿಗುತ್ತದೆ. ಉಳಿದ ನೆಲ ಕೆಟ್ಟದ್ದಕ್ಕೆ ಸರಿಯಾದ ಬೆಲೆ ಯಾರು ಕಟ್ಟುತ್ತಾರೆ?

2013ರ ಭೂಸ್ವಾಧೀನ ಕಾಯಿದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತವನ್ನು ಸಾಂತ್ವನವಾಗಿ ಕೂಡಿಸಿ ಕೊಡಬೇಕೆಂದಾಯಿತು. ರೈತನಿಗೆ ಇದು ನ್ಯಾಯ. ಆದರೆ 2010ರಲ್ಲಿ ಬರೆದ ಅಂದಾಜು ಪತ್ರಿಕೆ ಅಲ್ಲಿಗೇ ಹಳತಾಯಿತು. ಬೇಗ ಮುಗಿಸಿದ್ದರೆ ಹಳೆಯ ಬೆಲೆಗೆ ಮುಗಿಯುತ್ತಿತ್ತು. ತಡ ಮಾಡಿದಷ್ಟೂ ಬೆಲೆ ಏರಿತು, ಬೆಲೆ ಏರಿದಷ್ಟೂ ತಡವಾಯಿತು.

ಈಗ ಇನ್ನೊಂದು ಸಂಗತಿ ಬಂದಿದೆ. ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ ಆಲಮಟ್ಟಿ ಆಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ಸಲುವಾಗಿ ಮುಳುಗುವ ಜಮೀನಿಗೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ದರ ಗೊತ್ತು ಮಾಡಿತು. ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ ರೂಪಾಯಿ. ಒಂದೇ ಜಿಲ್ಲೆ, ಒಂದೇ ಕರಿ ಮಣ್ಣು. ನೀರಿಗೆ ಕೊಟ್ಟ ಅಣ್ಣನಿಗೆ 40 ಲಕ್ಷ ಸಿಕ್ಕರೆ, ರೈಲಿಗೆ ಕೊಡುವ ತಮ್ಮ ಅದಕ್ಕಿಂತ ಕಡಿಮೆಗೆ ಸಹಿ ಮಾಡುತ್ತಾನೆಯೇ? ಈ ಪ್ರಶ್ನೆಗೆ ಸರಕಾರ ಈಗಲೇ ಉತ್ತರ ಹುಡುಕದಿದ್ದರೆ ಮುಂದಿನ ಐದು ವರ್ಷ ಕೋರ್ಟು ಕಟ್ಟೆಯ ಮೇಲೆ ಕಳೆಯುತ್ತವೆ.

ಬಾಗಲಕೋಟೆಯ ಮಂದಿಗೆ ಜಮೀನು ಕಳಕೊಳ್ಳುವುದು ಹೊಸದಲ್ಲ. ಹಳೆಯ ಶಹರದ ಅರ್ಧ ಪ್ಯಾಟಿಯೇ ಹಿನ್ನೀರಿಗೆ ಹೋಗಿ ನವನಗರ ಎದ್ದದ್ದು ಕಂಡವರು ನಾವು. ಆದ್ದರಿಂದ “ಅಭಿವೃದ್ಧಿಗೆ ಅಡ್ಡ ಬರಬ್ಯಾಡ್ರಿ” ಅಂತ ರೈತನ ಮೇಲೆ ಗದರುವ ಹಕ್ಕು ಪುಢಾರಿಗಳಿಗಿಲ್ಲ. ದುಡ್ಡು ಕೈಗೆ ಕೊಡಿರಿ, ಆಮೇಲೆ ಗೂಟ ಬಡಿಯಿರಿ.

ಅರ್ಧ ಅರ್ಧದ ಸಂಸಾರ

ಎರಡನೇ ಕಾರಣ ರೊಕ್ಕ. ಈ ಮಾರ್ಗದ ಖರ್ಚಿನಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಮೇಲಾಗಿ ಜಮೀನನ್ನು ರಾಜ್ಯ ಸರಕಾರವೇ ಪುಗಸಟ್ಟೆ ಕೊಡಬೇಕು. ಕೇಳಲು ಚೆಂದ. ಪಾಲುದಾರಿಕೆಯಲ್ಲಿ ಅಂಗಡಿ ನಡೆಸಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಒಬ್ಬ ಕೊಟ್ಟಾಗ ಇನ್ನೊಬ್ಬ ಕೊಡುವುದಿಲ್ಲ. ಜಮೀನು ಕೊಟ್ಟಿಲ್ಲ, ಅದಕ್ಕೇ ಕೆಲಸ ನಿಂತಿದೆ ಅಂತ ದಿಲ್ಲಿಯವರು. ದುಡ್ಡು ಬಂದಿಲ್ಲ ಅಂತ ಬೆಂಗಳೂರಿನವರು. ಎರಡೂ ಕಡೆ ಒಂದೇ ಪಕ್ಷ ಇದ್ದಾಗಲೂ, ಬೇರೆ ಬೇರೆ ಪಕ್ಷ ಇದ್ದಾಗಲೂ ಈ ಮಾತು ಬದಲಾಗಲಿಲ್ಲ. ಆದ್ದರಿಂದ ಇದನ್ನು ಪಕ್ಷದ ಜಗಳ ಅಂತ ಓದುಗರು ತಿಳಿಯಬಾರದು.

ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮ ಸ್ಟೇಶನ್ನಿನಲ್ಲೇ ಇದೆ. ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ನೋಡಿರಿ. ಹೋಟಗಿ-ಗದಗ ನಡುವಿನ 284 ಕಿಲೋಮೀಟರ್ ಜೋಡಿ ಹಳಿಯ ಕೆಲಸ ಕುಡಚಿ ಮಾರ್ಗಕ್ಕಿಂತ ಆಮೇಲೆ ಮಂಜೂರಾದದ್ದು. ವಿಜಾಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಎನ್‌ಟಿಪಿಸಿ ಸ್ಥಾವರ ಎದ್ದಿತು. ಅದಕ್ಕೆ ಕಲ್ಲಿದ್ದಲು ಬೇಕು. ಕೂಡಗಿಯ ತನಕದ ಪಾಲಿಗೆ ಎನ್‌ಟಿಪಿಸಿಯೇ ದುಡ್ಡು ಹಾಕಿತು. ಜೋಡಿ ಹಳಿ ಬಂತು, ಕರೆಂಟಿನ ತಂತಿಯೂ ಬಂತು. ಇದ್ದ ಹಳಿಯ ಪಕ್ಕದಲ್ಲೇ ಇನ್ನೊಂದು ಹಾಕುವುದು, ಹೊಸ ಜಮೀನು ಕಡಿಮೆ ಅನ್ನುವುದೂ ನಿಜ. ಆದರೂ ಪಾಠ ಸ್ಪಷ್ಟ. ಕೇಳುವ ಗಿರಾಕಿ ಗಟ್ಟಿ ಇದ್ದು, ರೊಕ್ಕ ಮುಂಗಡ ಎಣಿಸಿದರೆ ಹಳಿ ಓಡುತ್ತದೆ. ಮಂದಿಯ ಸಲುವಾಗಿ ಹಾಕುವ ಹಳಿ ಕುಂಟುತ್ತದೆ.

ಹಾಗಾದರೆ ನಮ್ಮ ಮಾರ್ಗಕ್ಕೆ ಗಟ್ಟಿ ಗಿರಾಕಿ ಇಲ್ಲವೇ? ಯಾಕಿಲ್ಲ! ಮುದ್ದಾಪುರದ ಸಿಮೆಂಟು ಇದೆ, ಸುಣ್ಣದ ಕಲ್ಲು ಇದೆ, ಮುಧೋಳ-ಜಮಖಂಡಿ ತಾಲೂಕಿನ ಸಕ್ಕರೆ ಕಾರಖಾನೆಗಳಿವೆ, ರಬಕವಿ-ಬನಹಟ್ಟಿಯ ನೇಯ್ಗೆ ಇದೆ. ಇವೆಲ್ಲ ಇಂದು ಲಾರಿಯ ಮೇಲೆ ಹೋಗುತ್ತಿವೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ ರಸ್ತೆಯ ಪಾಡು ಬಸ್ ಪ್ರಯಾಣಿಕರಿಗೆ ಗೊತ್ತು. ಮುಂದೆ ಎರಡು ಟ್ರೇಲರಿನ ಟ್ರ್ಯಾಕ್ಟರು, ಹಿಂದೆ ನಮ್ಮ ಬಸ್ಸು, ದಾಟಲು ಜಾಗವಿಲ್ಲ. ಹಳಿ ಲೋಕಾಪುರ ದಾಟಿ ಮುಧೋಳ ಮುಟ್ಟಿದ ದಿನ ಈ ಮಾರ್ಗ ತನ್ನ ಅನ್ನ ತಾನೇ ದುಡಿಯುತ್ತದೆ. ಅಲ್ಲಿ ಮುಟ್ಟುವ ತನಕ ಕೂತು ಉಣ್ಣುತ್ತದೆ.

ಕುಷ್ಟಗಿ ಕಡೆ ನೋಡಿರಿ

ನಮ್ಮ ನೆರೆಮನೆಯ ಸಂಗತಿಯೂ ಗಮನಿಸತಕ್ಕದ್ದು. ಗದಗ-ವಾಡಿ ಹೊಸ ಮಾರ್ಗ 257 ಕಿಲೋಮೀಟರು, ಮಂಜೂರಾದದ್ದು 2013-14ರಲ್ಲಿ. ಅಂದರೆ ನಮಗಿಂತ ಮೂರು ವರ್ಷ ಕಿರಿಯದು, ಉದ್ದದಲ್ಲಿ ಹಿರಿಯದು. ಅದು ಕೊಪ್ಪಳ ಕಡೆಯ ತಳಕಲ್ಲಿನಿಂದ ಹೊರಟು ಕುಕನೂರು, ಯಲಬುರ್ಗಾ ಹಾದು ಕುಷ್ಟಗಿ ಮುಟ್ಟಿತು. 2025ರ ಮೇ 15ರಂದು ಹುಬ್ಬಳ್ಳಿ-ಕುಷ್ಟಗಿ ಗಾಡಿ ಶುರುವಾಯಿತು.

ಅಲ್ಲಿಯೂ ಕೆಲಸ ಪೂರಾ ಮುಗಿದಿರಲಿಲ್ಲ. ಆದರೆ ತಾಲೂಕು ಶಹರ ಒಂದನ್ನು ಮುಟ್ಟಿ ನಿಂತರು. ಈ ಕಡೆ ಕುಷ್ಟಗಿಯ ಪ್ಯಾಟಿ, ಆ ಕಡೆ ಹುಬ್ಬಳ್ಳಿಯ ಆಸ್ಪತ್ರೆ, ಕೋರ್ಟು, ಕಾಲೇಜು. ಎರಡೂ ತುದಿಯಲ್ಲಿ ಮಂದಿ ಇದ್ದಾರೆ, ಆದ್ದರಿಂದ ಗಾಡಿ ಬಿಡಲು ಕಾರಣ ಸಿಕ್ಕಿತು. ನಮ್ಮದು ಖಜ್ಜಿಡೋಣಿಗೆ ನಿಂತಿತು, ಅವರದು ಕುಷ್ಟಗಿಗೆ ಮುಟ್ಟಿತು. ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು.

ಬೆಂಗಳೂರಿನವರ ಪಾಡು

ಹಿಂದುಳಿದ ಜಿಲ್ಲೆ ಅಂತ ನಮಗಷ್ಟೇ ಹೀಗೆ ಅಂತ ಅಳುವವರಿದ್ದಾರೆ. ಪೂರ್ತಿ ನಿಜವಲ್ಲ. ಬೆಂಗಳೂರಿನ ಉಪನಗರ ರೈಲು 148 ಕಿಲೋಮೀಟರು, ಹೆಚ್ಚುಕಮ್ಮಿ ನಮ್ಮ ಮಾರ್ಗದಷ್ಟೇ ಉದ್ದ. 2020ರ ಅಕ್ಟೋಬರಿನಲ್ಲಿ 15,767 ಕೋಟಿಗೆ ಮಂಜೂರಾಯಿತು. 2022ರ ಜೂನ್ 20ರಂದು ಪ್ರಧಾನಿ ಬಂದು ಶಿಲಾನ್ಯಾಸ ಮಾಡಿ ನಲವತ್ತು ತಿಂಗಳ ಮಾತು ಕೊಟ್ಟರು. 2025ರ ಅಕ್ಟೋಬರಿಗೆ ನಲವತ್ತು ತಿಂಗಳು ತುಂಬಿತು. ಒಂದು ಗಾಡಿಯೂ ಓಡಲಿಲ್ಲ.

ಮೆಟ್ರೋದ ಹಳದಿ ಮಾರ್ಗದ ಕಥೆ ಇನ್ನೂ ತಮಾಷೆ. ಕಂಬ ನಿಂತವು, ಹಳಿ ಬಿತ್ತು, ಸ್ಟೇಶನ್ನಿಗೆ ಬಣ್ಣ ಬಂತು. ಬೋಗಿಗಳೇ ಬರಲಿಲ್ಲ! ಕಡೆಗೆ 2025ರ ಆಗಸ್ಟ್ 10ರಂದು ಮೂರೇ ಮೂರು ಗಾಡಿ ಇಟ್ಟುಕೊಂಡು, ಇಪ್ಪತ್ತೈದು ನಿಮಿಷಕ್ಕೊಂದರಂತೆ ಶುರು ಮಾಡಿದರು. ಹಳಿ ಬೇರೆ, ಗಾಡಿ ಬೇರೆ ಅನ್ನುವ ಮಾತು ರಾಜಧಾನಿಯಲ್ಲೂ ಖರೆ ಆಯಿತು.

ಆದರೆ ಮೆಟ್ರೋದಿಂದ ಕಲಿಯುವುದು ಒಂದಿದೆ. ಅವರು 2011ರ ಅಕ್ಟೋಬರ್ 20ರಂದು ಮೊದಲು ತೆರೆದದ್ದು ಬರೀ 6.7 ಕಿಲೋಮೀಟರು. ಆದರೆ ಅದರ ಒಂದು ತುದಿ ಎಂ.ಜಿ. ರಸ್ತೆ, ಇನ್ನೊಂದು ತುದಿ ಬೈಯಪ್ಪನಹಳ್ಳಿ. ಪ್ಯಾಟಿಯಿಂದ ಮನೆಗೆ ಹೋಗುವ ದಾರಿ. ಮೊದಲ ದಿನದಿಂದಲೇ ಮಂದಿ ಹತ್ತಿದರು. ಅಲ್ಲಿಂದ ಬೆಳೆಸುತ್ತ ಹಳದಿ ಮಾರ್ಗದ ಹೊತ್ತಿಗೆ 96 ಕಿಲೋಮೀಟರಿಗೆ ಒಯ್ದರು. ನಮಗೆ ಮಂಜೂರಿ ಸಿಕ್ಕಾಗ ಅವರ ಗಾಡಿ ಇನ್ನೂ ಓಡಿರಲಿಲ್ಲ ಅನ್ನುವುದನ್ನು ನೆನಪಿಡಿರಿ.

ಹುನಗುಂದ, ಇಳಕಲ್ಲಿನವರಿಗೆ

ಇದನ್ನೆಲ್ಲ ಓದಿ ಹುನಗುಂದ-ಇಳಕಲ್ಲಿನ ಓದುಗರು “ನಿಮಗರೆ ಹಳಿ ಐತಿ, ನಮಗೇನೈತ್ರೀ?” ಅಂದರೆ ಅದು ಹಕ್ಕಿನ ಮಾತು. ಇಳಕಲ್ಲ ಸೀರೆ ದೇಶಕ್ಕೆಲ್ಲ ಹೋಗುತ್ತದೆ, ಕೆಂಪು ಗ್ರಾನೈಟ್ ಕಲ್ಲು ಸಮುದ್ರ ದಾಟಿ ಹೋಗುತ್ತದೆ. ಆದರೆ ಊರಿಗೆ ರೈಲಿಲ್ಲ. ಹೆದ್ದಾರಿಯ ಲಾರಿಯೇ ಗತಿ. ಆಲಮಟ್ಟಿಯಿಂದ ಹುನಗುಂದ, ಇಳಕಲ್, ಕುಷ್ಟಗಿ ಕೂಡಿಸುವ ಮಾರ್ಗ ಬೇಕೆಂಬ ಕೂಗು ಹಳೆಯದು.

ಈಗ ಈ ಕೂಗಿಗೆ ಬಲ ಬಂದಿದೆ. ಯಾಕೆಂದರೆ ಕುಷ್ಟಗಿಯ ತನಕ ಗಾಡಿ ಬಂದಿದೆ. ಇಳಕಲ್ಲಿಗೂ ಕುಷ್ಟಗಿಗೂ ಇಪ್ಪತ್ತೈದು-ಮೂವತ್ತು ಕಿಲೋಮೀಟರು. ನಮ್ಮ ಹಿರಿಯರು ಬರೇ ಆಲಮಟ್ಟಿ ತುದಿಯಿಂದ ಕನಸು ಕಂಡರು. ಇಂದು ಕುಷ್ಟಗಿ ತುದಿಯಿಂದ ಕೇಳುವುದು ಜಾಣತನ. ಮೊದಲ ಹಂತವೇ ಕುಷ್ಟಗಿ-ಇಳಕಲ್ ಆಗಲಿ. ಒಂದು ತುದಿಯಲ್ಲಿ ಓಡುವ ಗಾಡಿ, ಇನ್ನೊಂದು ತುದಿಯಲ್ಲಿ ಪ್ಯಾಟಿ. ನಡುವಿನ ಯಾವುದೋ ಅಡವಿಯಲ್ಲಿ ನಿಲ್ಲುವ ಹಂತಕ್ಕೆ ಒಪ್ಪಬಾರದು. ಸಮೀಕ್ಷೆಯಾಯಿತು ಅಂತ ಯಾರಾದರೂ ಹಾರ ಹಾಕಿಸಿಕೊಳ್ಳಲು ಬಂದರೆ, ಹಾರ ಕೊಳ್ಳುವ ಮುಂಚೆ ಖಜ್ಜಿಡೋಣಿಯನ್ನು ನೆನೆಯಿರಿ.

ಅಷ್ಟರ ತನಕ ಒಂದು ಸಣ್ಣ ಕೆಲಸ ಆಗಬಹುದು. ಇಳಕಲ್ಲಿನಿಂದ ಕುಷ್ಟಗಿ ಸ್ಟೇಶನ್ನಿಗೆ ಗಾಡಿಯ ಟೈಮಿಗೆ ಹೊಂದುವ ಬಸ್ಸು. ಇದಕ್ಕೆ ಸಮೀಕ್ಷೆ ಬೇಡ, ದಿಲ್ಲಿ ಬೇಡ. ಡಿಪೋದವರು ಮನಸ್ಸು ಮಾಡಿದರೆ ಸಾಕು.

ಬಾದಾಮಿಯ ಪಾಠ

ಬಸ್ಸಿನ ಮಾತು ಬಂದದ್ದಕ್ಕೆ ಬಾದಾಮಿಯನ್ನು ನೆನೆಯಲೇಬೇಕು. ಅಲ್ಲಿ ರೈಲು ಬಂದು ಶತಮಾನ ದಾಟಿದೆ. ಆದರೆ ಸ್ಟೇಶನ್ ಊರಿನಿಂದ ಐದು ಕಿಲೋಮೀಟರ್ ದೂರ. ಒಂದು ಕಾಲಕ್ಕೆ ಟಾಂಗಾ ಇದ್ದವು, ಈಗ ಆಟೋ, ಟಂಟಂ. ರಾತ್ರಿ ಗಾಡಿ ಇಳಿದವನು ರೈಲಿನ ಟಿಕೆಟ್ಟಿಗಿಂತ ಹೆಚ್ಚು ದುಡ್ಡನ್ನು ಆಟೋಕ್ಕೆ ಕೊಡುವ ಪ್ರಸಂಗವೂ ಬರುತ್ತದೆ.

ಮುಧೋಳ, ಜಮಖಂಡಿಗಳಲ್ಲಿ ಹೀಗಾಗಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಪುಕ್ಕಟೆ. ಬಸ್ಸು ಊರ ನಡುವೆ ಇಳಿಸುತ್ತದೆ. ಪುಕ್ಕಟೆ ಬಸ್ಸು ಬಿಟ್ಟು, ಟಿಕೆಟ್ ತೆಗೆದು, ಊರ ಹೊರಗೆ ಇಳಿಯುವ ರೈಲಿಗೆ ಯಾವ ತಾಯಿ ಹತ್ತುತ್ತಾಳೆ? 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ ಹದಿನೈದು ಏರಿದ್ದರಿಂದ ಗಂಡಸರು ರೈಲಿನ ಕಡೆ ನೋಡಿಯಾರು. ಆದರೆ ಸ್ಟೇಶನ್ನಿನಿಂದ ಪ್ಯಾಟಿಗೆ ಬಸ್ಸಿಲ್ಲದಿದ್ದರೆ ಅವರೂ ತಿರುಗಿ ಬಸ್‌ಸ್ಟ್ಯಾಂಡಿಗೇ ಬರುತ್ತಾರೆ.

ಏನು ಕೇಳಬೇಕು?

ಅರ್ಜಿ ಕೊಡುವವರು, ಧರಣಿ ಕೂಡುವವರು, ಸಭೆಯಲ್ಲಿ ಚೀಟಿ ಕಳಿಸುವವರು ಇನ್ನು ಮೇಲೆ ನಾಲ್ಕೇ ಮಾತು ಕೇಳಲಿ.

ಒಂದು: ಲೋಕಾಪುರದಿಂದ ಮುಧೋಳದ ತನಕ ಊರೂರಿಗೆ ಎಷ್ಟು ಎಕರೆ ಬೇಕು, ಎಷ್ಟಕ್ಕೆ ದುಡ್ಡು ಕೊಟ್ಟಾಗಿದೆ, ಎಷ್ಟು ಉಳಿದಿದೆ? ಪಂಚಾಯತಿ ಕಟ್ಟೆಯ ಮೇಲೆ ಪಟ್ಟಿ ಹಚ್ಚಿರಿ.

ಎರಡು: ರಾಜ್ಯದ ಪಾಲು ಈ ವರ್ಷ ಎಷ್ಟು, ಕೇಂದ್ರದ್ದೆಷ್ಟು? ಇಬ್ಬರೂ ಒಂದೇ ಕಾಗದದ ಮೇಲೆ ಬರೆದು ಕೊಡಲಿ.

ಮೂರು: ಹಂತ ಕಟ್ಟುವಾಗ ಕಿಲೋಮೀಟರ್ ನೋಡಬೇಡಿರಿ, ಊರು ನೋಡಿರಿ. ಲೋಕಾಪುರ ಒಂದು, ಮುಧೋಳ ಎರಡು, ಜಮಖಂಡಿ ಮೂರು.

ನಾಲ್ಕು: ಹೊಸ ಹಳಿಯ ಮೇಲೆ ಗಾಡಿ ಓಡಬೇಕಾದರೆ ರೇಲ್ವೆ ಸುರಕ್ಷಾ ಆಯುಕ್ತರು ಬಂದು ಪರೀಕ್ಷೆ ಮಾಡಿ ಒಪ್ಪಿಗೆ ಕೊಡಬೇಕು. ಈ ಆಯುಕ್ತರು ರೇಲ್ವೆ ಖಾತೆಯವರಲ್ಲ, ವಿಮಾನ ಯಾನ ಖಾತೆಯ ಕೆಳಗಿನವರು. ಅಷ್ಟು ಕಟ್ಟುನಿಟ್ಟು, ಇರಲೂ ಬೇಕು. ಆದರೆ ಅವರ ಒಪ್ಪಿಗೆ ಬಂದ ಮೇಲೆ ಎಷ್ಟು ದಿನದೊಳಗೆ ಮಂದಿಯ ಗಾಡಿ ಬಿಡುತ್ತೀರಿ? ಮೈಸೂರಿನಿಂದ ಬರುವ ಬಸವ ಎಕ್ಸ್‌ಪ್ರೆಸ್ ಬಾಗಲಕೋಟೆಗೆ ಬಂದು ನಿಲ್ಲುತ್ತದೆ. ಅದನ್ನು ಲೋಕಾಪುರಕ್ಕೆ ಒಯ್ಯುತ್ತೀರೋ, ಬೆಳಿಗ್ಗೆ ಸಂಜೆ ಬೇರೆ ಸಣ್ಣ ಗಾಡಿ ಬಿಡುತ್ತೀರೋ? ಹಳಿ ಹಾಕುವ ಮುಂಚೆಯೇ ಹೇಳಿರಿ.

ಈ ನಾಲ್ಕಕ್ಕೆ ಉತ್ತರ ಕೊಡದೆ “ಕಾಮಗಾರಿ ಪ್ರಗತಿಯಲ್ಲಿದೆ” ಅಂದವರನ್ನು ನಂಬಬೇಡಿರಿ. ಪ್ರಗತಿಯಲ್ಲಿದೆ ಅನ್ನುವ ಮಾತನ್ನು ಹದಿನೈದು ವರ್ಷದಿಂದ ಕೇಳಿದ್ದೇವೆ.

ಚಾದ ಅಂಗಡಿಯ ಹಿರಿಯರಿಗೆ ಒಂದು ಮಾತು. ಮೊಮ್ಮಕ್ಕಳು ಹತ್ತತಾರ ಅಂತ ನಗುವುದು ಬಿಡಿರಿ. ಮೊಮ್ಮಕ್ಕಳು ಕಾಲೇಜಿಗೆ ಬಂದರು. ಅವರೂ ಅದೇ ಬಸ್‌ಸ್ಟ್ಯಾಂಡಿನಲ್ಲಿ, ಅದೇ ಮುಧೋಳ ಬಸ್ಸಿಗೆ, ಕಿಟಕಿಯಿಂದ ಚೀಲ ಒಗೆದು ಸೀಟು ಹಿಡಿಯುತ್ತಿದ್ದಾರೆ.